ಹನ್ನೊಂದು ಸೆಂಟು ಬಾಕಿ

ಸುಳ್ಳು ಚಾವಣಿ ಕಿತ್ತಾಗ ಮೊದಲು ಬಿದ್ದದ್ದು ಧೂಳು,
ಆಮೇಲೆ ಇಲಿ ಕಡಿದ ತಂತಿ, ಪಾರಿವಾಳದ ಒಂದೇ ಒಂದು ರೆಕ್ಕೆ,
ಆಮೇಲೆ, ತಡವಾಗಿ, ಬೆಳಕು.
ಮೇಲಿತ್ತು ನಿಜದ ಚಾವಣಿ:
ತಗಡಿನಲ್ಲಿ ಒತ್ತಿದ ಹೂಗಳು, ಒಂದೊಂದರ ನಡುವೆಯೂ ತುಕ್ಕು.
ನಾನು ಕರೆಂಟಿನವನು. ಚರಿತ್ರೆ ನನ್ನ ಕಸುಬಲ್ಲ.

ಕೆಳಗೆ ಎವುಲಾಲಿಯಾ ಬರಿಯೆಂಟೋಸ್ ಟೇಪು ಎಳೆಯುತ್ತಿದ್ದಳು:
ಒಲೆ ಇಲ್ಲಿ, ಗಾಜಿನ ಕಪಾಟು ಅಲ್ಲಿ,
ನಸುಕಿಗೆ ಹಿಟ್ಟು ನಾದುವ ಮೇಜಿಗೆ ಒಂದು ಕಿಟಕಿ ಬೇಕು.
‘ಮೊದಲು ಇದು ಏನಾಗಿತ್ತು?’ ಅಂದಳು.
ಯಾವ ಮೊದಲು, ಅಂದೆ.

ನನಗೆ ಹನ್ನೆರಡಾಗಿದ್ದಾಗ ಇಲ್ಲಿ ಕ್ಯಾಸೆಟ್ ಬಾಡಿಗೆಗೆ ಸಿಗುತ್ತಿತ್ತು,
ತಡವಾದರೆ ದಂಡ.
ಅದಕ್ಕೂ ಮುಂಚೆ ಜೋಡಿನ ಅಂಗಡಿ. ಅಲ್ಲಿ ಒಂದು ಯಂತ್ರ,
ಕಾಲಿಟ್ಟರೆ ಹಸಿರು ಬೆಳಕಿನಲ್ಲಿ ಮೂಳೆ ಕಾಣುತ್ತಿತ್ತಂತೆ.
ಅಮ್ಮ ತನ್ನೊಳಗನ್ನು ಮೊದಲು ನೋಡಿದ್ದು ಈ ಮೂಲೆಯಲ್ಲಿ,
ಆರು ವರ್ಷಕ್ಕೆ, ಹೊಸ ಬೂಟಿನ ಆಸೆಗೆ.
ಮಹಡಿಯಲ್ಲಿ ಕ್ವಿಸ್ಟಾಡ್ ಎಂಬ ದಂತವೈದ್ಯ.
ಅವನ ರೋಗಿಗಳ ಕೂಗು ಕೆಳಗಿನ ವ್ಯಾಪಾರಕ್ಕೆ ಕೆಟ್ಟದೆಂದು
ಗೋಡೆಗೆ ಕುದುರೆ ಕೂದಲು ತುಂಬಿಸಿದರು.
ಕೂದಲು ಇನ್ನೂ ಇದೆ. ಕೈಗೆ ಹತ್ತಿಕೊಳ್ಳುತ್ತದೆ.

ಕಟ್ಟಿದವನು ರಾಡೆಮಾಕರ್, ಅಗಸ್ಟಿನ್.
ದೋಣಿಯಲ್ಲಿ ಮೊಳೆ ಮಾರುತ್ತ ಬಂದವನು ಈ ದಂಡೆಯಲ್ಲಿ ನಿಂತ.
ನದಿಯ ಜೇಡಿಯಲ್ಲೇ ಇಟ್ಟಿಗೆ ಸುಟ್ಟ.
ಮುಂಭಾಗಕ್ಕೆ ಎರಕದ ಕಬ್ಬಿಣದ ಕಂಬ ಎಂಟು ಬೇಕೆಂದು ಬರೆದ,
ಹಡಗು ಇಳಿಸಿದ್ದು ಏಳು.
ಎಂಟನೆಯದನ್ನು ಮರದಲ್ಲಿ ಕಡೆಸಿ, ಬಣ್ಣ ಬಳಿದು, ಸಾಲಿಗೆ ನಿಲ್ಲಿಸಿದ.
ನೂರಮೂವತ್ತು ವರ್ಷ ಯಾರೂ ಕೇಳಲಿಲ್ಲ.
ಗೆಣ್ಣಿನಿಂದ ಬಡಿದರೆ ಮಾತ್ರ ಅದು ಬೇರೆ ಮಾತಾಡುತ್ತದೆ.

ಅವನ ಜವಳಿ ಅಂಗಡಿಯಲ್ಲಿ ದುಡ್ಡಿಗೆ ರೆಕ್ಕೆಯಿತ್ತು.
ಗುಮಾಸ್ತರು ಗಲ್ಲಾ ಮುಟ್ಟುವಂತಿಲ್ಲ;
ಮರದ ಬಟ್ಟಲಿಗೆ ನೋಟು, ಚೀಟಿ ತುಂಬಿ ಕವಣೆಯಂತೆ ಎಳೆದು ಬಿಟ್ಟರೆ
ಗಿರಾಕಿಗಳ ಟೋಪಿ ಮೇಲಿಂದ ತಂತಿ ಹಿಡಿದು ಹಾರಿ
ಅಟ್ಟದ ಪಂಜರ ಸೇರುತ್ತಿತ್ತು.
ಪಂಜರದಲ್ಲಿ ಒಟಿಲೀ ಫೆನ್ಸ್ಕೆ, ಮೂವತ್ತೊಂದು ವರ್ಷ.
ಇಡೀ ಊರಿನ ನೆತ್ತಿ ಅವಳಿಗೆ ಗೊತ್ತು,
ಮುಖ ಅಷ್ಟಾಗಿ ಗೊತ್ತಿಲ್ಲ.
ಎಣಿಸಿ, ಚಿಲ್ಲರೆ ಹಾಕಿ, ಇಳಿಜಾರಿಗೆ ಬಿಡುವಳು.

ಒಂದು ಬಟ್ಟಲು ಇಳಿದಿರಲಿಲ್ಲ.
ಅದು ನನ್ನ ಟಾರ್ಚಿಗೆ ಸಿಕ್ಕಿತು, ಅರ್ಧ ದಾರಿಯಲ್ಲಿ,
ಜೇಡ ಕಟ್ಟಿದ ತಂತಿಯ ಜೋಲಿನಲ್ಲಿ.
ಒಳಗೆ ಚೀಟಿ:
ಶ್ರೀಮತಿ ಸ್ಕೋಗ್ಲುಂಡ್. ಹುಡುಗನ ಕಾಲುಚೀಲ ಒಂದು ಜೊತೆ, ಕಪ್ಪು ದಾರ ಎರಡು ಉಂಡೆ.
ಕೊಟ್ಟದ್ದು ಅರ್ಧ ಡಾಲರು. ಹಿಂದಕ್ಕೆ ಹನ್ನೊಂದು ಸೆಂಟು.
ಅಕ್ಟೋಬರ್, ಶನಿವಾರ, ಸಾವಿರದ ಒಂಬೈನೂರ ಮೂವತ್ತೊಂದು.

ಎದುರಿನ ಬ್ಯಾಂಕು ಕದ ಹಾಕಿದ್ದು ಆ ತಿಂಗಳೇ ಅಂತಾರೆ.
ಬೀದಿಯಲ್ಲಿ ಯಾರೋ ಕೂಗಿರಬೇಕು,
ಅಂಗಡಿಗೆ ಅಂಗಡಿಯೇ ಹೊರಗೋಡಿರಬೇಕು,
ಕಾಲುಚೀಲ ಕಂಕುಳಲ್ಲಿಟ್ಟು ಅವಳೂ.
ಅಥವಾ ಬರೀ ತಂತಿ ಸಡಿಲವಾಗಿತ್ತು.
ನನ್ನ ಕಸುಬಿನಲ್ಲಿ ಹೆಚ್ಚಿನ ಕಥೆ ಅಷ್ಟೆ.

ಆದರೂ ಹನ್ನೊಂದು ಸೆಂಟಿಗೆ ಅವಳು ಮರಳಲಿಲ್ಲವೆ?
ಆ ವರ್ಷ ಅದು ಚಿಲ್ಲರೆ ಮಾತಲ್ಲ,
ಒಂದು ರೊಟ್ಟಿಯ ಮೇಲೆ ಇನ್ನೊಂದು ಚೂರು.
ಬಂದು ಕೇಳಿದ್ದರೆ ಪಂಜರದವಳು ಏನೆಂದಿರಬಹುದು?
‘ಕಳಿಸಿದ್ದೇನೆ.’ ಅದು ಸುಳ್ಳೂ ಅಲ್ಲ.

ಎವುಲಾಲಿಯಾ ನಾಣ್ಯಗಳನ್ನು ಅಂಗಿಯ ತುದಿಗೆ ಉಜ್ಜಿದಳು,
ಫೋನು ತೆಗೆದಳು. ಈ ಜಿಲ್ಲೆಯಲ್ಲಿ ಸ್ಕೋಗ್ಲುಂಡ್‌ಗಳು ನಾಲ್ವರು.
ಮೂವರು ಎತ್ತಲಿಲ್ಲ.
ನಾಲ್ಕನೆಯವರು ‘ಅಂಗಡಿ’ ಎಂಬಷ್ಟು ಕೇಳಿ
‘ನಮಗೇನೂ ಬೇಡಮ್ಮ’ ಎಂದು ಇಟ್ಟರು.

ಬಟ್ಟಲು ಈಗ ಅವಳ ಗಲ್ಲಾ ಪಕ್ಕದಲ್ಲಿದೆ, ಮುಚ್ಚಳ ಹಾಕಿಕೊಂಡು.
ಮಂಗಳವಾರ ಒಲೆ ಬರುತ್ತದೆ.
ಅದಕ್ಕೆ ಸ್ವಿಚ್ಚು ಎಂಟನೇ ಕಂಬಕ್ಕೆ ಕೊಡುತ್ತೇನೆ.
ಉಳಿದ ಏಳೂ ಕಬ್ಬಿಣ, ಬೈರಿಗೆ ಜಾರುತ್ತದೆ.
ಇದು ಮರ,
ಮೊಳೆ ಹಿಡಿಯುತ್ತದೆ.